ಪೆರ್ಲದಲ್ಲಿ ಮನೆ, ಬೆಂಗಳೂರಿನಲ್ಲಿ ಮೊಬೈಲು: ಕಂಟ್ರಾಕ್ಟರ್ ಕಳಿಸಿದ ಫೋಟೊಗಳ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆ ಕಟ್ಟಿದ ಕಂಟ್ರಾಕ್ಟರ್ ಕೆಟ್ಟವರೇನಲ್ಲ. ಮನೆ ಗಟ್ಟಿಯಾಗಿದೆ. ಒಂದು ಮಳೆಗಾಲ ಕಳೆಯಿತು, ಎಲ್ಲಿಯೂ ಸೋರಿಲ್ಲ. ಹಾಗಾಗಿ ಹೆಸರು ಹೇಳುವುದಿಲ್ಲ. ನಾನು ಬರೆಯುತ್ತಿರುವುದು ಅವರು ಬೇರೆಯೇ ದುಡ್ಡು ತಗೊಂಡು ಕೊಡುವ ಇನ್ನೊಂದು ಸೇವೆಯ ಬಗ್ಗೆ. ಅದರ ಹೆಸರು 'ಸೈಟ್ ಅಪ್‌ಡೇಟ್'. ವಾರಕ್ಕೆ ಎರಡು ಸಲ ಫೋಟೊ, ತಿಂಗಳಿಗೊಂದು ವಿಡಿಯೋ, ಎಲ್ಲ ಸೇರಿ 18,000 ರೂಪಾಯಿ. ನಮ್ಮ ಕಾಸರಗೋಡು ಕಡೆ ಗಲ್ಫಿನಲ್ಲಿ ಕೂತು ಊರಲ್ಲಿ ಮನೆ ಕಟ್ಟಿಸುವವರು ಜಾಸ್ತಿ. ಅವರಿಗಾಗಿ ಶುರುವಾದದ್ದಂತೆ. ನಾನು ಗಲ್ಫಿನಲ್ಲಿಲ್ಲ, ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಆದರೂ ಊರಿಗೆ ಬರಬೇಕಾದರೆ ರಾತ್ರಿ ಬಸ್ಸಲ್ಲಿ ಪುತ್ತೂರು, ಅಲ್ಲಿಂದ ವಿಟ್ಲ, ಅಡ್ಯನಡ್ಕ ದಾಟಿ ಪೆರ್ಲ, ಮತ್ತೆ ಆಟೋ. ತಿಂಗಳಿಗೊಮ್ಮೆ ಬಂದರೆ ದೊಡ್ಡದು. ಹಾಗಾಗಿ ತಗೊಂಡೆ.

ಮನೆ 1,180 ಚದರ ಅಡಿ, ಒಂದೇ ಮಹಡಿ. ಚದರ ಅಡಿಗೆ 2,150ರ ಹಾಗೆ ಮಾತಾಗಿತ್ತು. ಕಂತು ನಾಲ್ಕು: ಪಂಚಾಂಗ (ಅಡಿಪಾಯ), ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡಪಟ್ಟಿ), ಮೇಲಿನ ಸ್ಲ್ಯಾಬಿನ ಕಾಂಕ್ರೀಟ್, ಸಾರಣೆ (ಗೋಡೆಗೆ ಗಾರೆ ಬಳಿಯುವುದು). ಒಂದೊಂದು ಹಂತದ ಫೋಟೊ ಬಂದ ಕೂಡಲೇ ಆ ಕಂತು ಹಾಕಬೇಕು. ಇದೇ ಷರತ್ತು ಮುಂದೆ ತಲೆನೋವಾಯಿತು. ಕರಾರು ಪತ್ರ ಮಲಯಾಳದಲ್ಲಿತ್ತು. ಕನ್ನಡದಲ್ಲಿ ಕೊಡಿ ಎಂದರೆ ಇಂಗ್ಲಿಷಿನಲ್ಲಿ ಕೊಟ್ಟರು. ಅಮ್ಮನಿಗೆ ಎರಡೂ ಒಂದೇ!

ಪಂಚಾಂಗದವರೆಗೆ ಎಲ್ಲ ಚೆನ್ನಾಗಿತ್ತು. ಕೆಸರುಕಲ್ಲು, ಅಂದರೆ ಅಡಿಗಲ್ಲು, ಹಾಕಿದ ದಿನ ಬಂದ ಫೋಟೊಗಳನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಅಮ್ಮ ಹಳೇ ಮನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಾರೆ, ಹಿಂದೆ ಅಡಿಕೆ ತೋಟ, ಬೆಳಗಿನ ಬಿಸಿಲು. ಫೋಟೊ ತೆಗೆಯುವ ಹುಡುಗನಿಗೆ ಕೈ ಚೆನ್ನಾಗಿದೆ, ಸುಳ್ಳು ಹೇಳಬಾರದು.

ಲಿಂಟಲ್ ಸಮಯಕ್ಕೆ ಜನವರಿ ಕೊನೆ. ಫೋಟೊ ಬರುತ್ತಿತ್ತು, ನಾನು ಹೆಬ್ಬೆರಳು ಒತ್ತುತ್ತಿದ್ದೆ. ಒಂದು ಶುಕ್ರವಾರ ಬಂದ ಫೋಟೊದಲ್ಲಿ ಗೋಡೆಯ ಆಚೆ ಅಂಗಳದ ಒಂದು ಮೂಲೆ ಕಾಣುತ್ತಿತ್ತು. ಅಲ್ಲಿ ಅಡಿಕೆ ಹರಡಿತ್ತು. ಸಿಪ್ಪೆ ಇನ್ನೂ ಕೇಸರಿ ಬಣ್ಣ, ಬದಿಯಲ್ಲಿ ಒಂದು ಅಡಿಕೆ ಮರದ ಹಾಳೆ, ಹಾಳೆಯೊಳಗೆ ನಮ್ಮ ಬಿಳಿ ಬೆಕ್ಕು ಮಲಗಿತ್ತು. ಚೆಂದ ಇದೆ ಎಂದು ದೊಡ್ಡದು ಮಾಡಿ ನೋಡಿದೆ. ಆಮೇಲೆ ಸುಮ್ನೆ ಹಿಂದಿನ ಫೋಟೊಗಳನ್ನು ನೋಡುತ್ತಾ ಹೋದೆ. ಹತ್ತು ದಿನ ಹಿಂದಿನ ಫೋಟೊದಲ್ಲೂ ಅದೇ ಹಾಳೆ, ಅದೇ ಬೆಕ್ಕು, ಅದೇ ಕೇಸರಿ ಬಣ್ಣ. ಅಡಿಕೆ ಒಣಗಲು 40-45 ದಿನ ಬೇಕು, ನಿಜ. ಆದರೆ ಹತ್ತು ದಿನದ ಬಿಸಿಲಿಗೆ ಬಣ್ಣ ಬದಲಾಗದ ಅಡಿಕೆಯನ್ನು ನಾನು ನೋಡಿಲ್ಲ. ಬೆಕ್ಕಂತೂ ಹತ್ತು ದಿನ ಒಂದೇ ಮಗ್ಗುಲಲ್ಲಿ ಮಲಗುವುದಿಲ್ಲ ಅಲ್ವಾ?

ಅಮ್ಮನಿಗೆ ಫೋನ್ ಮಾಡಿದೆ.

"ಅಂಗಳದ ಅಡಿಕೆ ಮಗುಚಿದ್ರಾ ಅಮ್ಮಾ?"

"ಆ ಮೂಲೆಯದ್ದಾ? ಅದನ್ನು ಮೇಲಿನ ಅಂಗಳಕ್ಕೆ ಹಾಕಿ ಒಂದು ವಾರ ಆಯ್ತು. ಎಂತಕ್ಕೆ?"

"ಕೆಲಸದವರು ಬರ್ತಾ ಇದ್ದಾರಾ?"

"ಎಲ್ಲಿಂದ! ಬಂಗಾಳದ ಹುಡುಗರು ಊರಿಗೆ ಹೋಗಿ ಆರು ದಿನ ಆಯ್ತು. ನಿನಗೆ ಗೊತ್ತುಂಟು ಅಂತ ಮಾಡಿದೆ. ನಿನಗೆ ಫೋಟೊ ಬರ್ತದಲ್ವಾ?"

ಕಂಟ್ರಾಕ್ಟರಿಗೆ ಫೋನ್ ಮಾಡಿದರೆ, "ಹುಡುಗ ತಪ್ಪಿ ಹಳೇ ಫೋಟೊ ಹಾಕಿದ್ದಾನೆ ಮೇಡಂ" ಎಂದರು. ಇರಬಹುದು. ಆದರೆ ಆ ಫೋಟೊದ ಕೆಳಗೇ ಲಿಂಟಲ್ ಕಂತಿನ ಬಿಲ್ಲೂ ಇತ್ತು. ಬಿಲ್ಲು ಮಾತ್ರ ಹೊಸದು.

ಅವತ್ತಿನಿಂದ ನಾನು ಫೋಟೊ ನೋಡುವ ಕ್ರಮವೇ ಬದಲಾಯಿತು. ಗೋಡೆ ನೋಡುವುದು ಬಿಟ್ಟು ಗೋಡೆಯ ಆಚೆ ನೋಡತೊಡಗಿದೆ. ನೆರಳು ಯಾವ ಕಡೆ ಬಿದ್ದಿದೆ, ಹಗ್ಗದಲ್ಲಿ ಅಮ್ಮನ ಯಾವ ಸೀರೆ ಇದೆ, ಬಾಳೆಗೊನೆ ಎಷ್ಟು ಬಲಿತಿದೆ. ಇದಕ್ಕೆ 18,000 ಕೊಡಬೇಕಿತ್ತಾ ಎಂದು ಕೇಳಬೇಡಿ.

ಮಾರ್ಚ್ ಎರಡನೇ ವಾರ ಕಾಂಕ್ರೀಟ್. ಮೇ ಕೊನೆಗೆ, ಮಳೆಗಾಲದ ಮೊದಲು ಬರುವ ಪತ್ತನಾಜೆಯ ಒಳಗೆ ಸೆಂಟ್ರಿಂಗ್ (ಸ್ಲ್ಯಾಬಿನ ಅಡಿಗೆ ಕೊಟ್ಟ ಹಲಗೆ, ಕಂಬ) ಬಿಚ್ಚಿ, ಒಳಗಿನ ಸಾರಣೆ ಶುರು ಮಾಡಿಬಿಡಬೇಕು ಎಂಬುದು ಎಲ್ಲರ ಲೆಕ್ಕ. ನಾನು ಅವತ್ತು ರಜೆ ಹಾಕಿ ಬಂದಿದ್ದೆ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಮಿಕ್ಸರ್ ನಿಲ್ಲಲಿಲ್ಲ. ಅಮ್ಮ ಖಾಲಿ ಚೀಲ ಎಣಿಸುತ್ತಿದ್ದರು. 118. ಎಣಿಸಿದ್ದು ಅನುಮಾನದಿಂದಲ್ಲ, ಒಂದು ಚೀಲವೂ ಹಾಳಾಗಬಾರದು ಎಂದು.

ನಾನು ಬೆಂಗಳೂರಿಗೆ ಹೋದ ಮೇಲೆ ನಾಲ್ಕನೇ ದಿನ ಒಂದು ಫೋಟೊ ಬಂತು. ಸ್ಲ್ಯಾಬಿನ ಮೇಲೆ ಸಿಮೆಂಟಿನ ಸಣ್ಣ ಕಟ್ಟ ಕಟ್ಟಿ ಪಾತಿ ಮಾಡಿ ನೀರು ನಿಲ್ಲಿಸಿದ್ದಾರೆ. ನೀರಿನಲ್ಲಿ ಆಕಾಶ, ತೆಂಗಿನ ತಲೆ. ಆ ಹುಡುಗ ತೆಗೆದ ಫೋಟೊಗಳಲ್ಲೇ ಇದೇ ಎಲ್ಲಕ್ಕಿಂತ ಚೆಂದದ್ದು ಎನ್ನಬೇಕು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಏಣಿ ಹತ್ತಿ ನೋಡಿ ಬಂದು ಹೇಳಿದರು: "ಬೆಳಿಗ್ಗೆ ಬಿಟ್ಟದ್ದು ಮಾರಾಯ್ತಿ. ಆ ತೆಂಕು ಮೂಲೆಯ ಕಟ್ಟ ಒಡೆದುಹೋಗಿದೆ. ಹನ್ನೊಂದು ಗಂಟೆಗೆ ಎಲ್ಲ ಒಣಗಿ ಬೆಳ್ಳಗಾಗಿದೆ."

ಮಾರ್ಚ್ ಬಿಸಿಲು ನಮ್ಮ ಕಡೆ ಹೇಗೆ ಎಂದು ಹೇಳಬೇಕಾಗಿಲ್ಲ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ನೀರು ಸಿಗದೆ ಬೇಗ ಒಣಗಿದರೆ ಅಲ್ಲಿಗೇ ನಿಂತಿತು, ಮೇಲೆ ಕೂದಲೆಳೆಯ ಹಾಗೆ ಬಿರುಕು. ನಾವು ಹಾಕಿದ್ದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟು, ಅದು ಗಟ್ಟಿಯಾಗುವುದೂ ನಿಧಾನ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ 456ರಲ್ಲಿ ಇಂಥ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ತೇವ ಇರಬೇಕು ಎಂದು ಇದೆ. ದಿನಕ್ಕೊಮ್ಮೆ ಫೋಟೊಕ್ಕಾಗಿ ನೀರು ಬಿಟ್ಟರೆ ಆಗುವ ಕೆಲಸವಲ್ಲ.

ಅಮ್ಮ ಆಮೇಲೆ ಯಾರನ್ನೂ ಕಾಯಲಿಲ್ಲ. ನಮ್ಮಲ್ಲಿ ಬಾವಿ ಇಲ್ಲ, ಸುರಂಗ ಇದೆ. ಗುಡ್ಡದ ಬುಡಕ್ಕೆ ಅಡ್ಡಕ್ಕೆ ಕೊರೆದದ್ದು, ಒಬ್ಬರು ಬಗ್ಗಿ ಹೋಗುವಷ್ಟು ಅಗಲ. ಅಜ್ಜನ ಕಾಲದ್ದು. ಮಾರ್ಚಿನಲ್ಲಿ ನೀರು ಬೆರಳಿನಷ್ಟು ದಪ್ಪ ಬಂದರೆ ಹೆಚ್ಚು. ರಾತ್ರಿಯೆಲ್ಲ ಟ್ಯಾಂಕಿಗೆ ತುಂಬಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪೈಪು ಹಿಡಿದು ಬಿಟ್ಟರು. ಒಡೆದ ಕಟ್ಟಕ್ಕೆ ತಾವೇ ಮಣ್ಣು ಮೆತ್ತಿದರು. "ಅಡಿಕೆ ಬುಡಕ್ಕೆ ಬಿಟ್ಟ ಹಾಗೆ, ಎಂತ ದೊಡ್ಡ ಸಂಗತಿ" ಎಂದರು. ತೋಟಕ್ಕೆ ಆ ಹದಿನಾಲ್ಕು ದಿನ ನೀರು ಕಡಿಮೆಯೇ ಆಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ 'ನೀ 3' ಎಂದು ದಿನವೂ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಒಂದು ದಿನ ಮಾತ್ರ 'ನೀ 2, ಮದುವೆ' ಎಂದಿದೆ. ಆ ಹಾಳೆಯ ಫೋಟೊವನ್ನು ನಾನೇ ತೆಗೆದಿಟ್ಟುಕೊಂಡಿದ್ದೇನೆ.

ಇನ್ನು ಹೊಗಳಬೇಕಾದದ್ದನ್ನು ಹೊಗಳುತ್ತೇನೆ. ಇವರ ಕಲ್ಲಿನ ಮೇಸ್ತ್ರಿ ಚಿನ್ನದಂಥ ಮನುಷ್ಯ. ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಲಾರಿಯಿಂದ ಇಳಿಸುವಾಗ ಒಂದೊಂದನ್ನೂ ಕತ್ತಿಯ ಹಿಡಿಯಿಂದ ಬಡಿದು ನೋಡುತ್ತಿದ್ದರು. ಟಣ್ ಎಂದರೆ ಒಳಗೆ, ಬೊದ್ದು ಶಬ್ದ ಬಂದರೆ ಬದಿಗೆ. ಒಳಗೆ ಬಿಳಿ ಜೇಡಿ ಇರುವ ಕಲ್ಲು ಮಳೆಗೆ ಕರಗುತ್ತದೆ ಎಂದು ನನಗೆ ಒಂದನ್ನು ಒಡೆದೇ ತೋರಿಸಿದರು. ಒಂದು ಲೋಡಿನಲ್ಲಿ ನಲವತ್ತು ಕಲ್ಲು ವಾಪಸ್ ಕಳಿಸಿದ್ದಾರೆ, ಲಾರಿಯವನ ಬೈಗುಳ ಕೇಳಿಕೊಂಡು. ಇದರ ಒಂದೇ ಒಂದು ಫೋಟೊ ನನಗೆ ಬಂದಿಲ್ಲ. ದಾರಂದ, ಅಂದರೆ ಬಾಗಿಲಿನ ಚೌಕಟ್ಟು, ಇಡುವ ದಿನವೂ ಹಾಗೆಯೇ. ನಮ್ಮ ಹಿತ್ತಿಲಿನ ಹಲಸಿನ ಮರದ್ದು ಅದು. ಮೇಸ್ತ್ರಿ ತೂಕದ ಗುಂಡು ಹಿಡಿದು ಮುಕ್ಕಾಲು ಗಂಟೆ ನಿಂತಿದ್ದರಂತೆ, "ಅಕ್ಕಾ, ಇದು ಒಂದು ನೂಲು ಓರೆ ಆದರೂ ನೀವು ದಿನಾ ನೋಡಬೇಕು" ಎಂದು. ಬಂದ ಫೋಟೊದಲ್ಲಿ ಇರುವುದು ಹೂವಿನ ಹಾರ, ಕಂಟ್ರಾಕ್ಟರ್ ಮತ್ತು ಅವರ ಹೊಸ ಕಾರಿನ ಮೂತಿ.

ಹೊರಗಿನ ಗೋಡೆಗೂ ಸಾರಣೆ ಮಾಡಿಸಿ ಎಂದು ತುಂಬ ಒತ್ತಾಯ ಮಾಡಿದರು, ನಾವು ಒಪ್ಪಲಿಲ್ಲ. ಅಷ್ಟು ಒಳ್ಳೆ ಕಲ್ಲಿಗೆ ಯಾಕೆ? ಪೈಂಟು, ಟೈಲ್ಸು, ವಯರಿಂಗು ಎಲ್ಲ ಎಲ್ಲರ ಹಾಗೆ, ಹೇಳುವಂಥದ್ದೇನಿಲ್ಲ.

ಒಂದು ದೂರು ಬಾಕಿ ಇದೆ. ಕೇರಳದಲ್ಲಿ ಮನೆ 100 ಚದರ ಮೀಟರ್ ದಾಟಿದರೆ ಕಂದಾಯ ಇಲಾಖೆಗೆ ಒಂದು ಸಲದ ಕಟ್ಟಡ ತೆರಿಗೆ ಕಟ್ಟಬೇಕು. ಪಂಚಾಯತಿನ ತೆರಿಗೆ ಬೇರೆ. 100 ಚದರ ಮೀಟರ್ ಅಂದರೆ 1,076 ಚದರ ಅಡಿ. ನಮ್ಮ ಮೊದಲ ನಕ್ಷೆ 1,070 ಇತ್ತು! ಸಿಟ್‌ಔಟ್ (ಮುಂದಿನ ಜಗಲಿ) ದೊಡ್ಡದು ಮಾಡಿ, ಚೆಂದ ಕಾಣುತ್ತದೆ ಎಂದು ಸಲಹೆ ಕೊಟ್ಟವರು ಇವರೇ. ಮನೆ ಕಟ್ಟುವುದೇ ಕಸುಬು ಆಗಿರುವವರಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಒಂದು ಮಾತು ಹೇಳಬಹುದಿತ್ತು. ಅಮ್ಮ ಮಾತ್ರ ಸಂಜೆ ಅದೇ ಸಿಟ್‌ಔಟಿನಲ್ಲಿ ಕೂತು ಅಡಿಕೆ ಸುಲಿಯುತ್ತಾರೆ, ಹಾಗಾಗಿ ನಾನು ಜಾಸ್ತಿ ಮಾತಾಡುವ ಹಾಗಿಲ್ಲ.

ಅಂಕ ಕೊಡುವುದಾದರೆ, ಮನೆ ಕೆಲಸಕ್ಕೆ ಐದರಲ್ಲಿ ನಾಲ್ಕು, ಅದರಲ್ಲಿ ಮೂರು ಮೇಸ್ತ್ರಿಗೆ. ಸೈಟ್ ಅಪ್‌ಡೇಟಿಗೆ ಒಂದು. ನೀವು ತಗೊಳ್ಳಲೇಬೇಕು ಎಂದಿದ್ದರೆ ಫೋಟೊ ಬೇಡ ಎನ್ನಿ, ಮಧ್ಯಾಹ್ನ ಹನ್ನೆರಡಕ್ಕೆ ಸೈಟಿನಿಂದಲೇ ವಿಡಿಯೋ ಕಾಲ್ ಮಾಡಿಸಿ. ಕಂತನ್ನು ಫೋಟೊಕ್ಕೆ ಕಟ್ಟಿಹಾಕಬೇಡಿ. ಊರಲ್ಲಿರುವ ಒಬ್ಬರು ನೋಡಿ ಸರಿ ಎಂದ ಮೇಲೆ ಕೊಡುತ್ತೇನೆ ಎಂದು ಕರಾರಿನಲ್ಲೇ ಬರೆಸಿ.

ಒಕ್ಕಲಾಗಿ ಐದು ತಿಂಗಳಾಯಿತು. ಹಿಂದಿನ ಬಾಗಿಲಿನ ಚಿಲಕ ಒಂದು ಬಾಕಿ ಇತ್ತು. ಮೊನ್ನೆ ಅದರ ಫೋಟೊ ಬಂತು, ಹಿತ್ತಾಳೆ ಥಳಥಳ ಹೊಳೆಯುತ್ತಿದೆ, ಕೆಳಗೆ 'ಕೆಲಸ ಮುಗಿದಿದೆ' ಎಂದು ಬರೆದಿದೆ. ಅಮ್ಮನನ್ನು ಕೇಳಿದೆ.

"ಹಾಕಿದ್ದಾರೆ. ಒಳ್ಳೇದುಂಟು. ಅದು ಹೋಗಿ ಕೂರ್ಲಿಕ್ಕೆ ದಾರಂದಕ್ಕೆ ತೂತು ಕೊರೆಯಲಿಲ್ಲ ಅಷ್ಟೆ."