ಹೆಸರಿನ ಪಕ್ಕದ ಪದಕಕ್ಕೆ ಎಷ್ಟು ಬೆಲೆ? ಸ್ಟ್ಯಾಕ್ ಓವರ್‌ಫ್ಲೋ ಸೇವೆಯ ಒಂದು ವಿಮರ್ಶೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಚೇರಿ ಇದೆ. ಮಂಡಿಗಳ ಬಿಲ್ಲಿಂಗ್, ಶಾಲೆಗಳ ಅಂಕಪಟ್ಟಿ, ಸಹಕಾರ ಸಂಘಗಳ ಲೆಕ್ಕಪತ್ರ, ಇವು ನಮ್ಮ ಕೆಲಸ. ನಾಲ್ಕು ಜನರ ಕಚೇರಿಯಲ್ಲಿ ಎಲ್ಲವನ್ನೂ ಬಲ್ಲವರು ಇರುವುದಿಲ್ಲವಾದ್ದರಿಂದ, ಕೋಡ್ ಕೈಕೊಟ್ಟಾಗ ನಾವು ಹೆಚ್ಚಾಗಿ ಮೊರೆಹೋಗುವುದು ಸ್ಟ್ಯಾಕ್ ಓವರ್‌ಫ್ಲೋಗೆ. 2008ರಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಆರಂಭಿಸಿದ ಈ ಪ್ರಶ್ನೋತ್ತರ ಸೇವೆಯ ಗುಣದೋಷಗಳನ್ನೆಲ್ಲ ಇಲ್ಲಿ ಹೇಳಹೊರಟಿಲ್ಲ. ಉತ್ತರ ಕೊಡುವವರಲ್ಲಿ ತಜ್ಞರು ಯಾರೆಂಬುದನ್ನು ಸೇವೆಯೇ ಅಧಿಕೃತವಾಗಿ ಗುರುತಿಸಬೇಕೆ, ಗುರುತಿಸಿದರೆ ನನ್ನಂಥ ಬಳಕೆದಾರನಿಗೆ ಆಗುವ ಉಪಯೋಗವೇನು ಎಂಬಷ್ಟಕ್ಕೆ ಈ ವಿಮರ್ಶೆ ಸೀಮಿತ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಬೇರೊಂದು ತಾಂತ್ರಿಕ ಬಳಗದಲ್ಲಿ ಪೆಟ್ಟು ತಿಂದ ಮೇಲೆ. ಶಾಲೆಯೊಂದಕ್ಕೆ ಮಾಡಿಕೊಟ್ಟ ಅಂಕಪಟ್ಟಿಯಲ್ಲಿ ‘ರ‍್ಯಾಂಕ್’ ಎಂಬ ಪದ ‘ರ್ಯಾಂಕ್’ ಎಂದು ಅಚ್ಚಾಗುತ್ತಿತ್ತು; ರಕಾರಕ್ಕೆ ಯಕಾರದ ಒತ್ತು ಬೀಳುವ ಬದಲು ‘ಯಾ’ ಬಂದು ಅದರ ಪಕ್ಕದಲ್ಲಿ ಅರ್ಕಾವತ್ತು ಕೂರುತ್ತಿತ್ತು. ಆ ಬಳಗದಲ್ಲಿ ಕೇಳಿದಾಗ, ಹೆಸರಿನ ಮುಂದೆ ‘ತಜ್ಞ ಸದಸ್ಯ’ ಎಂಬ ಹಣೆಪಟ್ಟಿ ಹೊತ್ತವರೊಬ್ಬರು ಫಾಂಟ್ ದೋಷವೆಂದು ತೀರ್ಪು ಕೊಟ್ಟರು. ಎರಡು ದಿನ ಫಾಂಟ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಮೂರನೆಯ ದಿನ, ಯಾವ ಬಿರುದೂ ಇಲ್ಲದ ಹೊಸಬರೊಬ್ಬರು ಎರಡು ಸಾಲು ಬರೆದರು. ಯೂನಿಕೋಡ್‌ನಲ್ಲಿ ಈ ರೂಪ ಬರಬೇಕಾದರೆ ರಕಾರಕ್ಕೂ ಒತ್ತು ಮೂಡಿಸುವ ಹಲಂತ ಚಿಹ್ನೆಗೂ ನಡುವೆ ಜೀರೊ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಇರಬೇಕು, ನಿಮ್ಮ ಪ್ರೋಗ್ರಾಂ ದತ್ತಾಂಶ ಶುಚಿಗೊಳಿಸುವ ನೆಪದಲ್ಲಿ ಅದನ್ನು ಅಳಿಸುತ್ತಿದೆ ಎಂದು. ಸರಿಯಾಗಿತ್ತು. ಆ ತಜ್ಞರು ಡೇಟಾಬೇಸ್ ವಿಷಯದಲ್ಲಿ ನಿಜಕ್ಕೂ ಗಟ್ಟಿಗರೆಂದು ಆಮೇಲೆ ತಿಳಿಯಿತು. ತಿಪಟೂರಿನ ಮಂಡಿಯಲ್ಲಿ ಉಂಡೆಕೊಬ್ಬರಿಯ ಗುಣ ಹೇಳುವವರನ್ನು ಹುಣಸೆಹಣ್ಣಿನ ದರ್ಜೆ ಕಟ್ಟಲು ಯಾರೂ ಕರೆಯುವುದಿಲ್ಲ. ಆ ಬಳಗ ಮಾತ್ರ ಎಲ್ಲ ಸರಕಿಗೂ ಒಂದೇ ಹಣೆಪಟ್ಟಿ ಅಂಟಿಸಿತ್ತು.

ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬರೆದವರ ಹೆಸರಿನ ಜೊತೆ ಮೊದಲು ಕಣ್ಣಿಗೆ ಬೀಳುವ ಅಂಕವೂ ಒಂದು ಮಟ್ಟಿಗೆ ಇದೇ ಜಾತಿಯದು. ಉತ್ತರವನ್ನು ಒಬ್ಬರು ಮೆಚ್ಚಿದರೆ 10, ಕೇಳಿದವರೇ ಒಪ್ಪಿಕೊಂಡರೆ 15 ಸೇರುತ್ತದೆ; ಒಬ್ಬರು ತಿರಸ್ಕರಿಸಿದರೆ 2 ಕಳೆಯುತ್ತದೆ. 2,000 ಆದವರು ಇತರರ ಬರಹವನ್ನು ನೇರವಾಗಿ ತಿದ್ದಬಹುದು, 3,000 ಆದವರು ಹೊಸ ಉತ್ತರ ಬಾರದಂತೆ ಪ್ರಶ್ನೆ ಮುಚ್ಚಲು ಮತ ಹಾಕಬಹುದು. ಅಧಿಕಾರ ಮೆಟ್ಟಿಲುಮೆಟ್ಟಿಲಾಗಿ ಸಿಗುವುದು ಒಳ್ಳೆಯದೇ. ಆದರೆ ಒಟ್ಟು ಅಂಕವು ಈ ಮನುಷ್ಯ ಯಾವುದರಲ್ಲಿ ಪ್ರವೀಣ ಎಂಬುದನ್ನು ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ಎಲ್ಲರಿಗೂ ಬೇಕಾಗುವ ಸುಲಭ ಪ್ರಶ್ನೆಗೆ ಮೊದಲು ಉತ್ತರಿಸಿದವರಿಗೆ ಇಂದಿಗೂ ಅಂಕ ಬರುತ್ತಲೇ ಇರಬಹುದು.

ನಾನು ನಿಜವಾಗಿ ಮೆಚ್ಚಿಕೊಂಡಿರುವುದು ವಿಷಯವಾರು ಚಿನ್ನದ ಪದಕವನ್ನು. ಒಂದೇ ವಿಷಯದಲ್ಲಿ ಕನಿಷ್ಠ 200 ಉತ್ತರ ಬರೆದು, ಅವುಗಳಿಗೆಲ್ಲ ಸೇರಿ 1,000 ಮೆಚ್ಚುಗೆ ಗಳಿಸಿದವರಿಗೆ ಅದು ಸಿಗುತ್ತದೆ. ಅದರೊಂದಿಗೆ ಬರುವ ವಿಶೇಷ ಅಧಿಕಾರವೂ ಆ ವಿಷಯದೊಳಗಿನದೇ: ಪ್ರಶ್ನೆಯೊಂದನ್ನು ಹಿಂದೆಯೇ ಕೇಳಿದ್ದೆಂದು ಒಬ್ಬರೇ ನಿರ್ಧರಿಸಿ ಮುಚ್ಚಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪದಕವಂತರ ಮಾತು ಪೈಥಾನ್ ಪ್ರಶ್ನೆಗಳಲ್ಲಿ ಮಾತ್ರ ನಡೆಯುತ್ತದೆ. ತಜ್ಞರನ್ನು ಗುರುತಿಸಲೇಬೇಕೆಂದಿದ್ದರೆ ಗೆರೆ ಎಳೆಯಬೇಕಾದ್ದು ಹೀಗೆಯೇ ಎಂಬುದು ನನ್ನ ಅಭಿಪ್ರಾಯ.

ಇದರಲ್ಲೂ ಒಂದು ಕೊರತೆಯಿದೆ. ಎಣಿಕೆಯಿಂದ ಪದಕ ಕೊಟ್ಟರೆ ಜನಜಂಗುಳಿಯ ವಿಷಯಗಳಿಗಷ್ಟೇ ತಜ್ಞರು ಹುಟ್ಟುತ್ತಾರೆ. ಕನ್ನಡ ಅಕ್ಷರ ಜೋಡಣೆಯ ಬಗ್ಗೆ ಪ್ರಶ್ನೆಗಳೇ ವಿರಳವಾಗಿರುವಾಗ ಅದನ್ನು ಬಲ್ಲವರು 200 ಉತ್ತರಗಳನ್ನು ಎಲ್ಲಿಂದ ತರಬೇಕು? ಯಾರನ್ನು ನಂಬಬೇಕೆಂದು ತಿಳಿಯದೆ ನಾನು ಒದ್ದಾಡುವುದು ಇಂಥ ಜಾಗದಲ್ಲಿಯೇ, ಪದಕ ಕಾಣಿಸದೆ ಇರುವುದೂ ಅಲ್ಲಿಯೇ.

ಎಣಿಕೆ ಬೇಡವೆಂದರೆ ಇನ್ನೊಂದು ದಾರಿ ನೇಮಕ. ಸ್ಟ್ಯಾಕ್ ಓವರ್‌ಫ್ಲೋ 2021ರಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಗೂಗಲ್ ಕ್ಲೌಡ್‌ಗಳಿಂದ ಆರಂಭಿಸಿದ ‘ಕಲೆಕ್ಟಿವ್ಸ್’ ಎಂಬ, ಕಂಪನಿಗಳು ಪ್ರಾಯೋಜಿಸುವ ವಿಷಯವಾರು ಬಳಗಗಳ ವ್ಯವಸ್ಥೆಯಲ್ಲಿ ಕೆಲವರನ್ನು ಮಾನ್ಯತೆ ಪಡೆದ ಸದಸ್ಯರೆಂದು ಹೆಸರಿಸಿ, ಅವರು ಶಿಫಾರಸು ಮಾಡಿದ ಉತ್ತರಕ್ಕೆ ಗುರುತು ಹಾಕಲಾಯಿತು. ಉತ್ಪನ್ನ ಕಟ್ಟಿದವರ ಕಡೆಯವರೇ ಉತ್ತರವನ್ನು ಒಪ್ಪಿದ್ದಾರೆಂದು ತಿಳಿದರೆ ಧೈರ್ಯ ಬರುತ್ತದೆ, ಆದರೆ ಅವರು ‘ಈ ಕೆಲಸಕ್ಕೆ ನಮ್ಮ ಉತ್ಪನ್ನವೇ ಬೇಡ’ ಎಂದು ಹೇಳಿಯಾರೆಂದು ನಾನು ಕಾಯುವುದಿಲ್ಲ. ಕನ್ನಡದ ಒತ್ತಕ್ಷರಕ್ಕೆ ಇಂಥ ಪ್ರಾಯೋಜಕರು ಯಾರು ಸಿಕ್ಕಾರು ಎಂಬುದು ಬೇರೆ ಮಾತು. ಮೈಕ್ರೋಸಾಫ್ಟ್ 1993ರಿಂದ ಕೊಡುತ್ತಿರುವ ಎಂವಿಪಿ (ಮೋಸ್ಟ್ ವ್ಯಾಲ್ಯುಯಬಲ್ ಪ್ರೊಫೆಷನಲ್) ಮನ್ನಣೆಯೂ ನೇಮಕದ್ದೇ, ಆದರೂ ಅದರ ಒಂದು ನಿಯಮ ನನಗೆ ಹಿಡಿಸಿದೆ: ಅವಧಿ ಒಂದು ವರ್ಷ, ಮುಂದುವರಿಯಬೇಕಾದರೆ ಮತ್ತೆ ಪರಿಶೀಲನೆ. ಸ್ಟ್ಯಾಕ್ ಓವರ್‌ಫ್ಲೋದ ಚಿನ್ನದ ಪದಕಕ್ಕೆ ಅಂಥ ಅವಧಿಯಿಲ್ಲ. ಆ ವಿಷಯವನ್ನು ಬಿಟ್ಟು ವರ್ಷಗಳಾದವರ ಹೆಸರಿನ ಪಕ್ಕದಲ್ಲೂ ಅದು ಹೊಳೆಯುತ್ತಿರುತ್ತದೆ.

ಇದಿಷ್ಟನ್ನೂ ನೋಡಿ, ತಜ್ಞರನ್ನು ಗುರುತಿಸುವ ಕೆಲಸಕ್ಕೆ ಈ ಸೇವೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕೊಟ್ಟದ್ದು 2021ರಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಗಾಗಿ: ಕೇಳಿದವರು ಒಪ್ಪಿದ ಉತ್ತರವನ್ನು ಎಲ್ಲಕ್ಕಿಂತ ಮೇಲೆ ಕೂರಿಸುವ ಪದ್ಧತಿಯನ್ನು ಕೈಬಿಟ್ಟರು. ನಮ್ಮ ಕಚೇರಿಯ ಹುಡುಗರಿಗೆ ಈಗ ನಾನು ಹೇಳುವುದಿಷ್ಟು: ಮೊದಲು ಉತ್ತರದ ತಾರೀಖು ನೋಡಿ, ಅದನ್ನು ಸಣ್ಣ ಉದಾಹರಣೆಯ ಮೇಲೆ ಓಡಿಸಿ, ಪದಕವನ್ನು ಕೊನೆಗೆ ನೋಡಿ. ಶಾಲೆಯ ಅಂಕಪಟ್ಟಿಯ ಪ್ರೋಗ್ರಾಂನಲ್ಲಿ ಕಾಣದ ಆ ಅಕ್ಷರವನ್ನು ಉಳಿಸುವ ಸಾಲಿನ ಪಕ್ಕ ನಮ್ಮ ಹುಡುಗನೊಬ್ಬ ಒಂದು ಟಿಪ್ಪಣಿ ಬರೆದಿಟ್ಟಿದ್ದಾನೆ: ‘ಇದನ್ನು ಅಳಿಸಬೇಡಿ, ರ‍್ಯಾಂಕ್ ಕೆಡುತ್ತದೆ.’