ಸಾಮಾನು ಲಾರಿ ಹತ್ತಿದ ಮೇಲೆ ರೇಟು ಬದಲಾಗುತ್ತದೆ: ಬೇರೆ ರಾಜ್ಯಕ್ಕೆ ಮನೆ ಸಾಗಿಸುವವರು ಓದಿ

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ, ಜೂನ್ ಹೊತ್ತಿಗೆ ಮಕ್ಕಳನ್ನು ಹೊಸ ಶಾಲೆಗೆ ಸೇರಿಸಬೇಕು ಅಂತ ಊರು ಬಿಡುವವರೇ ಜಾಸ್ತಿ. ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಿನಲ್ಲಿ ಟೋಪಿ ಹಾಕುವವರಿಗೂ ಅದೇ ಸುಗ್ಗಿ. ಹುಬ್ಬಳ್ಳಿಯಿಂದ ಪುಣೆಗೆ ಬಂದಾಗ ನಮಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕದ ದುಡ್ಡು ಇಟ್ಟುಕೊಂಡು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಸ್ವಲ್ಪ ಗಮನ ಕೊಟ್ಟು ಓದಿ. ಈ ಮೋಸಗಾರರು ಹುಡುಕುವುದೇ ಅಂಥವರನ್ನು.

ನಮ್ಮ ಮನೆಯವರಿಗೆ ಚಾಕಣ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಪರವಾಗಿಲ್ಲ. ಆದರೆ ಸಾಮಾನು ಸಾಗಿಸುವ ಖರ್ಚು ಕಂಪನಿ ಕೊಡುವುದಿಲ್ಲ. ಮನೆಯ ಡಿಪಾಸಿಟ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮಗಳ ಶಾಲೆಯ ಫೀ ಎಲ್ಲ ಕಳೆದು ಲಾರಿಗೆ ಅಂತ ಉಳಿದದ್ದು ಹದಿನೈದು ಸಾವಿರದ ಒಳಗೆ. ಇಂಟರ್‌ನೆಟ್‌ನಲ್ಲಿ ಒಂದು ಕಡೆ ನಮ್ಮ ನಂಬರ್ ಹಾಕಿ ಕೋಟೇಶನ್ ಕೇಳಿದ್ದೇ ತಡ, ಫೋನ್ ಮೇಲೆ ಫೋನ್. ಹುಬ್ಬಳ್ಳಿಯಲ್ಲೇ ಆಫೀಸ್ ಇರುವ ಇಬ್ಬರು ಮನೆಗೆ ಬಂದು, ಕಪಾಟು, ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ನೋಡಿ 19ರಿಂದ 21 ಸಾವಿರ ಹೇಳಿದರು. ಇನ್ನೊಬ್ಬ ಮನೆ ನೋಡಲೇ ಇಲ್ಲ. ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿ ಅಂದ. ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್, ಟೋಲ್ ಎಲ್ಲ ಸೇರಿ 13,500 ಅಂದ. ಕಂಪನಿಯ ಹೆಸರು ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಕಂಪನಿಯ ಹೆಸರಿನ ಹಾಗೇ ಇತ್ತು, ಒಂದಕ್ಷರ ಅತ್ತಿತ್ತ. ಲೆಟರ್‌ಹೆಡ್ ಮೇಲೆ ಕೋಟೇಶನ್ ಬಂತು. ಅಡ್ರೆಸ್ ಇತ್ತು, ಜಿಎಸ್‌ಟಿ ನಂಬರ್ ಇತ್ತು, ಐಎಸ್‌ಒ ಮುದ್ರೆಯೂ ಇತ್ತು. ಮುಂಗಡ 3,500 ಯುಪಿಐನಲ್ಲಿ ಹಾಕಿಸಿಕೊಂಡ.

ಲೋಡಿಂಗ್ ದಿನ ಬಂದ ಹುಡುಗರು ಕೆಲಸದಲ್ಲಿ ಚುರುಕು. ನಾನು ಅಡುಗೆಮನೆಯ ಡಬ್ಬಿ ಕಟ್ಟುವಷ್ಟರಲ್ಲಿ ಹಾಲ್ ಖಾಲಿ. ಅವರು ಬರೆದ ಸಾಮಾನಿನ ಪಟ್ಟಿಯನ್ನು ಇಲ್ಲಿ ಹೇಳಲೇಬೇಕು. ಕಾರ್ಬನ್ ಹಾಳೆ ಇಟ್ಟು ಬರೆದದ್ದು. ಫ್ರಿಜ್ ಅಂತ ಬರೆದು ಪಕ್ಕದಲ್ಲಿ 'ಸ್ಕ್ರ್ಯಾಚ್'. ವಾಷಿಂಗ್ ಮಷಿನ್, 'ಡೆಂಟ್'. ಟಿವಿ, 'ನಾಟ್ ಚೆಕ್ಡ್'. ಡಬ್ಬಗಳಿಗೆಲ್ಲ ಸೇರಿ ಒಂದೇ ಸಾಲು: 'ಮಿಕ್ಸ್ ಐಟಂ'. ಟಿವಿ ಹಚ್ಚಿ ತೋರಿಸುತ್ತೇನೆ ಅಂದರೆ, "ಮೇಡಂ, ಟೈಮ್ ಇಲ್ಲ, ಎಲ್ಲಾ ಮನೇದೂ ಹಿಂಗ ಬರೀತೀವ್ರಿ" ಅಂತ ಸಹಿ ಕೇಳಿದರು. ಟಿವಿ ಒಡೆದು ಬಂದರೆ ಅದು ಮೊದಲೇ ಕೆಟ್ಟಿತ್ತು ಅನ್ನಲು ಬೇಕಾದ ಕಾಗದ ಹೀಗೆ ತಯಾರಾಗುತ್ತದೆ. ಕೆಳಗೆ ಇರುವೆ ಅಕ್ಷರದಲ್ಲಿ 'ಓನರ್ಸ್ ರಿಸ್ಕ್', ಅಂದರೆ ಏನಾದರೂ ಹಾಳಾದರೆ ಸಾಮಾನಿನವರೇ ಹೊಣೆ, ಅಂತ ಅಚ್ಚಾಗಿತ್ತು. ಡೀಸೆಲ್‌ಗೆ ಅಂತ ಇನ್ನೂ 5,000 ತೆಗೆದುಕೊಂಡರು. ಬಾಕಿ 5,000 ಪುಣೆಯಲ್ಲಿ ಸಾಮಾನು ಇಳಿಸಿದ ಮೇಲೆ ಅಂತ ಮಾತು.

ಬಿಲ್ ಬಂದದ್ದು ಲಾರಿ ಹೊರಟ ಮೇಲೆ, ವಾಟ್ಸಾಪ್‌ನಲ್ಲಿ.

ನಾವು ರೈಲಿನಲ್ಲಿ ಪುಣೆ ಸೇರಿ, ಮೋಶಿಯ ಖಾಲಿ ಮನೆಯಲ್ಲಿ ಒಂದು ಚಾಪೆ, ಎರಡು ಬೆಡ್‌ಶೀಟ್ ಹಾಸಿ ಕೂತೆವು. ಹುಬ್ಬಳ್ಳಿಯಿಂದ ಇಲ್ಲಿಗೆ ನಾನೂರು ಚಿಲ್ಲರೆ ಕಿಲೋಮೀಟರ್. ರಾತ್ರಿ ಹೊರಟ ಲಾರಿ ಮರುದಿನ ಮಧ್ಯಾಹ್ನಕ್ಕೆ ಬರಬೇಕು. ಬರಲಿಲ್ಲ. ಸಂಜೆ ಬೇರೆ ಯಾವುದೋ ನಂಬರಿನಿಂದ ಫೋನ್. ಹಿಂದಿಯಲ್ಲಿ ಮಾತು. ನಿಮ್ಮ ಸಾಮಾನು ನಮ್ಮ ಗೋಡೌನ್‌ನಲ್ಲಿದೆ, 22,000 ಕಟ್ಟಿದರೆ ನಾಳೆ ಡೆಲಿವರಿ. ಲೆಕ್ಕ ಹೀಗೆ ಕೊಟ್ಟರು: ಹೇಳಿದ್ದಕ್ಕಿಂತ ಸಾಮಾನು ಜಾಸ್ತಿ ಇದೆ ಅಂತ 8,000, ಬಾರ್ಡರ್ ಟ್ಯಾಕ್ಸ್ 3,500, ಇನ್ಶೂರೆನ್ಸ್ 4,500, ಗೋಡೌನ್ ಬಾಡಿಗೆ 1,000, ಹಳೇ ಬಾಕಿ 5,000. ತಡವಾದರೆ ದಿನಕ್ಕೆ ಸಾವಿರದಂತೆ ಏರುತ್ತದೆ. ಕೋಟೇಶನ್ ಕೊಟ್ಟವನಿಗೆ ಫೋನ್ ಮಾಡಿದರೆ, ಅದು ನಮ್ಮ ಕೈಯಲ್ಲಿಲ್ಲ, ಟ್ರಾನ್ಸ್‌ಪೋರ್ಟ್‌ನವರ ಜೊತೆ ಮಾತಾಡಿ ಅಂದ. ಆಮೇಲೆ ನಂಬರ್ ಬ್ಲಾಕ್.

ಇದು ಹೇಗೆ ನಡೆಯುತ್ತದೆ ಅಂತ ಆಮೇಲೆ ಒಂದೊಂದೇ ಗೊತ್ತಾಯಿತು. ಕಡಿಮೆ ರೇಟು ಹೇಳುವವನ ಹತ್ತಿರ ಲಾರಿಯೂ ಇಲ್ಲ, ಆಳೂ ಇಲ್ಲ. ಒಂದು ಫೋನ್, ಒಂದು ಲೆಟರ್‌ಹೆಡ್ ಅಷ್ಟೇ. ಪುಣೆಗೆ ಖಾಲಿ ಹೋಗುವ ರಿಟರ್ನ್ ಗಾಡಿ ಹುಡುಕಿ, ಅದರಲ್ಲಿ ಎರಡು ಮೂರು ಮನೆಯ ಸಾಮಾನು ಪಾರ್ಟ್ ಲೋಡ್ ಹಾಕಿ, ಇನ್ನೊಬ್ಬನಿಗೆ ದಾಟಿಸಿಬಿಡುತ್ತಾನೆ. ಆ ಇನ್ನೊಬ್ಬನ ಲಾಭ ಬರುವುದು ಈ ಎರಡನೇ ಫೋನಿನಿಂದಲೇ. ಲೋಡ್ ಆಗುವ ತನಕ ನಿಮಗೆ ಹತ್ತು ಜನ ಸಿಗುತ್ತಾರೆ, ಚೌಕಾಸಿ ಮಾಡಬಹುದು. ಲೋಡ್ ಆದ ಮೇಲೆ ಅವನೊಬ್ಬನೇ. ಮನೆಯಲ್ಲಿ ಕೂಸು ಇದೆ, ತೊಟ್ಟಿಲು ಲಾರಿಯಲ್ಲಿದೆ, ಕುಕ್ಕರ್ ಲಾರಿಯಲ್ಲಿದೆ ಅಂತ ಅವನಿಗೂ ಗೊತ್ತು. ಲೋಡ್ ಮಾಡುವಾಗ ಎಲ್ಲ ನೋಡಿಯೇ ಇರುತ್ತಾರಲ್ಲ!

ನಮ್ಮ ಕೈಯಲ್ಲಿದ್ದ ಒಂದೇ ಗಟ್ಟಿ ಸುಳಿವು ಲಾರಿಯ ಫೋಟೋ. ಮಗಳು ಲಾರಿ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಳು. ಹಿಂದೆ ಎಂಎಚ್ 14 ನಂಬರ್ ಪ್ಲೇಟ್ ಪೂರ್ತಿ ಕಾಣುತ್ತಿತ್ತು. ಡ್ರೈವರ್ ನಂಬರೂ ಇತ್ತು. ಆತ ಜತ್ ಕಡೆಯವನು, ಕನ್ನಡ ಬರುತ್ತಿತ್ತು. "ಅಕ್ಕಾರ, ನಂದೇನ್ ತಪ್ಪೈತ್ರಿ. ನನಗೂ ಬಾಡಿಗಿ ಅರ್ಧಾನ ಕೊಟ್ಟಾರ. ಗೋಡೌನಿಗೆ ಇಳಿಸು ಅಂದ್ರು, ಇಳಿಸೀನಿ" ಅಂದ. ಎಲ್ಲಿ ಇಳಿಸಿದ ಅಂತ ಲೊಕೇಶನ್ ಕಳಿಸಿದ. ಪುಣ್ಯಾತ್ಮ, ಅಷ್ಟು ಮಾಡಿದ್ದೇ ದೊಡ್ಡದು.

ಪೊಲೀಸ್ ಚೌಕಿಯಲ್ಲಿ ಮೊದಲ ಮಾತೇ, ಇದು ದುಡ್ಡಿನ ವ್ಯವಹಾರ, ಕೋರ್ಟಿಗೆ ಹೋಗಿ. ನಮ್ಮ ಹರಕು ಹಿಂದಿಯಲ್ಲಿ ಕೋಟೇಶನ್, ಬಾಕಿ, ರೇಟು ಅಂತ ವಿವರಿಸಿದಷ್ಟೂ ಅದು ಬಾಡಿಗೆ ಜಗಳದ ಹಾಗೇ ಕೇಳುತ್ತಿತ್ತು. ಕೆಳಗಿನ ಮನೆಯ ಕಾಕಾ ವಿಜಯಪುರ ಕಡೆಯವರು, ಪುಣೆಗೆ ಬಂದು ಹಳಬರಾದವರು. ವಿಷಯ ಕೇಳಿದವರೇ ಅಂಗಿ ಹಾಕಿಕೊಂಡು ಜೊತೆಗೆ ಬಂದರು. ದಾರಿಯಲ್ಲಿ ಹೇಳಿದರು: "ತಂಗಿ, ರೇಟಿನ ಮಾತು ತಗೀಬ್ಯಾಡ. ನಮ್ಮ ಸಾಮಾನ ಇಟ್ಕೊಂಡು ರೊಕ್ಕಾ ಕೇಳಾಕತ್ತಾರ ಅಂತ ಅಷ್ಟ ಹೇಳು. ಒಪ್ಪಿದ ಬಾಕಿ ಕೊಡಾಕ ತಯಾರ ಅದೀವಿ ಅಂತ ಹೇಳು." ಅದಕ್ಕೂ ಮೊದಲು ಗೋಡೌನ್‌ನವನಿಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿದರು: ಒಪ್ಪಿದ ಬಾಕಿ 5,000 ಸಿದ್ಧವಿದೆ, ಸಾಮಾನು ಎಲ್ಲಿ, ಯಾವಾಗ ಕೊಡುತ್ತೀರಿ? ಅವನು ಅದಕ್ಕೆ ಉತ್ತರವಾಗಿ 22,000 ಇಲ್ಲದೆ ಕೊಡುವುದಿಲ್ಲ ಅಂತ ಬರೆದ. ಆ ಮೆಸೇಜ್ ತೋರಿಸಿ, ಕಾಕಾ ಮರಾಠಿಯಲ್ಲಿ ಮಾತಾಡಿದ ಮೇಲೆ ಹವಾಲ್ದಾರರು ಫೋನ್ ಕೈಗೆತ್ತಿಕೊಂಡರು.

ಕಾನೂನೂ ಕಾಕಾ ಹೇಳಿದ ಹಾಗೇ ಇದೆ. ಒಪ್ಪಿದ ಬಾಡಿಗೆ ಬಾಕಿ ಇದ್ದರೆ ಕೇಳುವ ಹಕ್ಕು ಸಾಗಿಸಿದವನಿಗೆ ಇದೆ. ಆದರೆ ಸಾಗಿಸಲು ನಂಬಿ ಕೊಟ್ಟ ಸಾಮಾನನ್ನು ದುರುದ್ದೇಶದಿಂದ ತನ್ನದಾಗಿಸಿಕೊಂಡರೆ ಅದು ನಂಬಿಕೆ ದ್ರೋಹ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316(3)ರಲ್ಲಿ ಸರಕು ಸಾಗಿಸುವವರು, ಗೋದಾಮಿನವರು ಮಾಡುವ ನಂಬಿಕೆ ದ್ರೋಹಕ್ಕೇ ಬೇರೆ ಶಿಕ್ಷೆ ಇದೆ, ಏಳು ವರ್ಷದವರೆಗೆ. ದೂರು ಬರೆಯುವಾಗ ಈ ಕಲಮಿನ ಹೆಸರು ಹಾಕಿ. ಬಾಯಲ್ಲಿ ಹೇಳಿದ್ದಕ್ಕೂ ಬರೆದು ಕೊಟ್ಟದ್ದಕ್ಕೂ ಚೌಕಿಯಲ್ಲಿ ಬಹಳ ವ್ಯತ್ಯಾಸ.

ಕೊನೆಗೆ ಪೂರ್ತಿ ನ್ಯಾಯ ಏನೂ ಸಿಗಲಿಲ್ಲ. ಪೊಲೀಸ್ ಫೋನಿನ ನಂತರ 22,000 ಹೋಗಿ 11,000ಕ್ಕೆ ಇಳಿಯಿತು. ಚಿಕ್ಕವನಿಗೆ ನೆಗಡಿ ಜ್ವರ, ಹೊರಗೆ ಮಳೆ, ಮನೆಯವರಿಗೆ ಹೊಸ ಕೆಲಸದಲ್ಲಿ ರಜೆ ಇಲ್ಲ. ಕೊಟ್ಟೆವು. ಎಲ್ಲ ಸೇರಿ 19,500. ಮನೆಗೆ ಬಂದು ನೋಡಿ ರೇಟು ಹೇಳಿದವರೂ ಅಷ್ಟೇ ಕೇಳಿದ್ದರಲ್ಲ! ಗಾದಿ ಒದ್ದೆಯಾಗಿ ಬಂತು, ಟಿವಿ ಪರದೆ ಮೂಲೆಯಿಂದ ಮೂಲೆಗೆ ಸೀಳಿತ್ತು, ಮಿಕ್ಸರ್ ಇದ್ದ ಡಬ್ಬ ಬರಲೇ ಇಲ್ಲ. ಪಟ್ಟಿಯಲ್ಲಿ ಅದು 'ಮಿಕ್ಸ್ ಐಟಂ'. ಯಾವ ಡಬ್ಬದಲ್ಲಿ ಏನಿತ್ತು ಅಂತ ತೋರಿಸುವುದು ಹೇಗೆ?

ಈಗ ಆ ಬಿಲ್ಲಿನ ವಿಷಯ. ಬಾರ್ಡರ್ ಟ್ಯಾಕ್ಸ್ ಅಂದರೆ ಶುದ್ಧ ಸುಳ್ಳು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೇ ರಾಜ್ಯಗಳ ಪ್ರವೇಶ ತೆರಿಗೆ ಹೋಯಿತು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಕೂಡ ಬೇಕಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. ರಾಜ್ಯದ ಗಡಿಯ ಕೊಗನೊಳಿಯಲ್ಲಿ ಕಟ್ಟುವುದು ಟೋಲ್, ಅದು ಕೋಟೇಶನ್‌ನಲ್ಲೇ ಸೇರಿತ್ತು. ಇನ್ಶೂರೆನ್ಸ್ ಕಥೆ ಇನ್ನೂ ಚೆಂದ. ಸಾಮಾನಿನ ಬೆಲೆ ಒಂದೂವರೆ ಲಕ್ಷ ಅಂತ ಅವರೇ ಬರೆದುಕೊಂಡು, ಅದರ ಶೇ 3 ಹಾಕಿದ್ದರು. ಪಾಲಿಸಿ ಎಲ್ಲಿ ಅಂದರೆ ಇಲ್ಲ. ನಿಜವಾದ ಸಾಗಾಟ ವಿಮೆಯನ್ನು ವಿಮಾ ಕಂಪನಿ ಕೊಡುತ್ತದೆ, ಅದಕ್ಕೆ ಪಾಲಿಸಿ ನಂಬರ್ ಇರುತ್ತದೆ. ಲೋಡ್ ಆಗುವ ಮೊದಲು ಅದು ಕೈಗೆ ಬರದಿದ್ದರೆ ಆ ದುಡ್ಡು ಅವನ ಜೇಬಿಗೆ.

ಜಿಎಸ್‌ಟಿ ನಂಬರ್ 15 ಅಕ್ಷರ ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33, ತೆಲಂಗಾಣಕ್ಕೆ 36. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನಂಬರ್ ಹಾಕಿ ನೋಡಬಹುದು. ಕೋಟೇಶನ್‌ನಲ್ಲಿದ್ದ 29ರ ನಂಬರ್ ಊರ್ಜಿತದಲ್ಲಿತ್ತು, ಚಾಲ್ತಿ ಅಂತಲೇ ಬಂತು. ಆದರೆ ಆ ಹೆಸರಿನ ಕಂಪನಿಗೂ ನಮಗೆ ಬಂದ ಬಿಲ್‌ಗೂ ಸಂಬಂಧವೇ ಇಲ್ಲ. ಬಿಲ್ಲಿನ ಮೇಲೆ 27ರಿಂದ ಶುರುವಾಗುವ ಬೇರೆಯೇ ನಂಬರ್, ಬೇರೆಯೇ ಹೆಸರು. ಹಾಗಾಗಿ ನಂಬರ್ ಇದೆಯಾ ಅಂತ ಮಾತ್ರ ನೋಡಿದರೆ ಸಾಲದು. ಪೋರ್ಟಲ್‌ನಲ್ಲಿ ಬರುವ ಹೆಸರು, ನೀವು ದುಡ್ಡು ಹಾಕುವ ಖಾತೆಯ ಹೆಸರು, ಎಲ್‌ಆರ್ ಮೇಲಿನ ಹೆಸರು ಮೂರೂ ಒಂದೇ ಇರಬೇಕು. ಎಲ್‌ಆರ್ ಅಂದರೆ ಲಾರಿ ರಸೀದಿ. ಅದರಲ್ಲಿ ಲಾರಿ ನಂಬರ್, ಸಾಮಾನಿನ ಪಟ್ಟಿ, ಒಪ್ಪಿದ ಬಾಡಿಗೆ, ಎಲ್ಲಿಂದ ಎಲ್ಲಿಗೆ ಎಲ್ಲ ಇರಬೇಕು, ಮತ್ತು ಅದು ಲಾರಿ ಬಾಗಿಲು ಹಾಕುವ ಮೊದಲು ನಿಮ್ಮ ಕೈಯಲ್ಲಿರಬೇಕು. ಆಮೇಲೆ ವಾಟ್ಸಾಪ್ ಮಾಡ್ತೀನಿ ಅಂದರೆ ಸಾಮಾನು ಇಳಿಸಿಸಿ.

ದುಡ್ಡು ಕಡಿಮೆ ಇದ್ದವರಿಗೆ ದಾರಿಯೇ ಇಲ್ಲ ಅಂತಲ್ಲ. ನನ್ನ ತಂಗಿ ಆಮೇಲೆ ಬೆಳಗಾವಿಯಿಂದ ಹೈದರಾಬಾದಿಗೆ ಹೋದಾಗ ಪ್ಯಾಕರ್ಸ್‌ನವರ ತಂಟೆಗೇ ಹೋಗಲಿಲ್ಲ. ಹಳೇ ಮಂಚ, ಕಪಾಟು, ಸೋಫಾ ಅಲ್ಲೇ ಮಾರಿದಳು. ಅವನ್ನು ಸಾಗಿಸುವ ಬಾಡಿಗೆಗೆ ಇನ್ನಷ್ಟು ಸೇರಿಸಿದರೆ ಹೋದ ಊರಿನಲ್ಲೇ ಹಳೇದು ಸಿಗುತ್ತದೆ. ಬೈಕನ್ನು ರೈಲ್ವೆ ಪಾರ್ಸೆಲ್‌ಗೆ ಹಾಕಿದರು. ಅದಕ್ಕೆ ಆರ್‌ಸಿ ಪ್ರತಿ, ಗುರುತಿನ ಚೀಟಿ ಬೇಕು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು. ಉಳಿದದ್ದಕ್ಕೆ ಲಾರಿ ಸ್ಟ್ಯಾಂಡಿನಲ್ಲಿ ನೇರವಾಗಿ ಮಾಲೀಕನ ಜೊತೆ ಮಾತಾಡಿ ಒಂದು ಚಿಕ್ಕ ಗಾಡಿ. ಪೂರ್ತಿ ಗಾಡಿ ತಮ್ಮದೇ ಆದ್ದರಿಂದ ನಡುದಾರಿಯಲ್ಲಿ ಗೋಡೌನ್ ಮಾತೇ ಬರಲಿಲ್ಲ. ಭಾವ ಡ್ರೈವರ್ ಪಕ್ಕದ ಸೀಟಿನಲ್ಲೇ ಕೂತು ಹೋದರು.

ಗ್ಯಾಸ್ ಸಿಲಿಂಡರನ್ನು ಯಾವ ಲಾರಿಗೂ ಹಾಕಬೇಡಿ. ಏಜೆನ್ಸಿಗೆ ವಾಪಸ್ ಕೊಟ್ಟು ಚೀಟಿ ತೆಗೆದುಕೊಂಡರೆ ಹೊಸ ಊರಿನಲ್ಲಿ ಅದರ ಮೇಲೆ ಕನೆಕ್ಷನ್ ಸಿಗುತ್ತದೆ. ಶಾಲೆಯ ಟಿಸಿ, ಲಸಿಕೆ ಬರೆದ ತಾಯಿ ಕಾರ್ಡ್, ಆಧಾರ್, ಒಡವೆ, ಮಕ್ಕಳ ಔಷಧಿ, ಒಂದು ಪಾತ್ರೆ, ಇಂಡಕ್ಷನ್ ಒಲೆ ನಿಮ್ಮ ಕೈಚೀಲದಲ್ಲೇ ಇರಲಿ. ಸಾಮಾನು ಒಂದು ವಾರ ಬರದಿದ್ದರೂ ನಡೆಯುತ್ತದೆ ಅನ್ನುವ ಸ್ಥಿತಿಯಲ್ಲಿ ನೀವಿದ್ದರೆ, ಫೋನಿನಲ್ಲಿ ನಿಮ್ಮ ದನಿಯೂ ಗಟ್ಟಿಯಿರುತ್ತದೆ.

ಈಗಾಗಲೇ ಸಿಕ್ಕಿಹಾಕಿಕೊಂಡವರು 112ಕ್ಕೆ ಫೋನ್ ಮಾಡಿ, ಜೊತೆಗೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಬರೆಸಿ. ಗ್ರಾಹಕ ಆಯೋಗಕ್ಕೆ ನೀವು ಈಗ ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ಸಾಮಾನು ಒಡೆದಿದ್ದರೆ, ಕಳೆದಿದ್ದರೆ ಸಾಗಿಸಿದವನಿಗೆ ಲಿಖಿತ ನೋಟಿಸ್ ಕೊಡಬೇಕು. 2007ರ ರಸ್ತೆ ಸಾಗಾಟ ಕಾಯ್ದೆಯ ಪ್ರಕಾರ ಅದಕ್ಕೆ ಬುಕಿಂಗ್ ದಿನದಿಂದ 180 ದಿನದ ಗಡುವು.

ನಾವೂ ನೋಟಿಸ್ ಕಳಿಸಿದೆವು. ಲೆಟರ್‌ಹೆಡ್‌ನಲ್ಲಿದ್ದ ಹುಬ್ಬಳ್ಳಿ ವಿಳಾಸದಿಂದ ಅದು ಹಾಗೇ ವಾಪಸ್ ಬಂತು. ನನ್ನ ತಮ್ಮ ಹೋಗಿ ನೋಡಿದರೆ ಅಲ್ಲಿರುವುದು ಝೆರಾಕ್ಸ್ ಅಂಗಡಿ. ಈ ಕಂಪನಿ ಕೇಳಿಕೊಂಡು ತಿಂಗಳಿಗೆ ಇಬ್ಬರು ಮೂವರು ಬರುತ್ತಾರೆ ಅಂತ ಅಂಗಡಿಯವರೇ ಅಂದರಂತೆ. ಈಗ ದೂರು ಗೋಡೌನ್‌ನವನ ಮೇಲೆ ನಡೆಯುತ್ತಿದೆ. ಅವನ ವಿಳಾಸ ಗೊತ್ತಿದೆ, ದುಡ್ಡು ಹೋದ ಖಾತೆಯೂ ಅವನದೇ. ಮುಂಗಡ ಹಾಕುವ ಮೊದಲು ಲೆಟರ್‌ಹೆಡ್ ಮೇಲಿನ ವಿಳಾಸಕ್ಕೆ ಒಂದು ಸಲ ಗಾಡಿ ತಗೊಂಡು ಹೋಗಿ ಬನ್ನಿ, ಇಲ್ಲವೇ ಆ ಊರಿನಲ್ಲಿರುವ ಯಾರನ್ನಾದರೂ ಕಳಿಸಿ. ಬೋರ್ಡು, ಗೋಡೌನು, ಬಾಗಿಲಲ್ಲಿ ನಿಂತ ಗಾಡಿ ಕಾಣದಿದ್ದರೆ ಬೇರೆಯವರನ್ನು ಕೇಳಿ.