ಕ್ಲಚ್ ತುಳಿಯುವುದು, ಪೆಡಲ್ ಒತ್ತುವುದು: ಒಂದೇ ಶೆಡ್ಡಿನಲ್ಲಿ ಎರಡು ಸಣ್ಣ ಟ್ರಾಕ್ಟರ್

ಭಾವ ಒಂದು ವರ್ಷದ ಮಟ್ಟಿಗೆ ಬೇರೆ ಕಡೆ ಕೆಲಸಕ್ಕೆ ಹೊರಟಾಗ ತಮ್ಮ ಸಣ್ಣ ಟ್ರಾಕ್ಟರನ್ನು ನಮ್ಮ ಶೆಡ್ಡಿನಲ್ಲಿ ತಂದು ನಿಲ್ಲಿಸಿದರು. "ಸುಮ್ನೆ ನಿಲ್ಸಿ ಇಡ್ಬೇಡ, ಓಡಿಸ್ತಾ ಇರು. ಇಲ್ಲಾಂದ್ರೆ ಬ್ಯಾಟರಿ ಕೂತ್ಬಿಡುತ್ತೆ" ಅಂದರು. ಪಕ್ಕದಲ್ಲೇ ನನ್ನ ಹಳೇ ಟ್ರಾಕ್ಟರ್ ಇತ್ತು. ಎರಡೂ 25 ಎಚ್‌ಪಿ. ಎರಡಕ್ಕೂ ಮುಂದೆ ಲೋಡರ್ ಬಕೆಟ್, ಎರಡರಲ್ಲೂ ನಾಲ್ಕು ಚಕ್ರಕ್ಕೂ ಎಳೆತ. ಹಿಂದೆ ಸಲಕರಣೆ ಸಿಕ್ಕಿಸುವ ಮೂರು ತೋಳಿನ ಜೋಡಣೆ, ಅಂದರೆ ತ್ರೀ ಪಾಯಿಂಟ್ ಲಿಂಕೇಜ್ ಕೂಡ ಒಂದೇ ಅಳತೆ, ಕೆಟಗರಿ 1: ಕೆಳಗಿನ ತೋಳುಗಳ ಪಿನ್ 22 ಮಿಲಿಮೀಟರ್, ಮೇಲಿನ ತೋಳು, ಅಂದರೆ ಟಾಪ್ ಲಿಂಕಿನದ್ದು 19. ಹಾಗಾಗಿ ನನ್ನ ಸ್ಲ್ಯಾಶರ್, ದಾರಿ ಸಮ ಮಾಡುವ ಹಲ್ಲಿನ ಪೆಟ್ಟಿಗೆಯಾದ ಬಾಕ್ಸ್ ಬ್ಲೇಡ್, ರೋಟವೇಟರ್ ಎಲ್ಲವೂ ಅದಕ್ಕೂ ಕೂತವು.

ವ್ಯತ್ಯಾಸ ಇದ್ದದ್ದು ಹೊಟ್ಟೆಯೊಳಗೆ. ನನ್ನದು ಹಳೇ ಕಾಲದ ಗೇರಿನ ಗಾಡಿ. ಮುಂದಕ್ಕೆ 8 ಗೇರು, ಹಿಂದಕ್ಕೆ 2, ಎಡಗಾಲಿಗೆ ಒಂದು ಬಿರುಸು ಕ್ಲಚ್. ಭಾವನದ್ದು ಹೈಡ್ರೋಸ್ಟಾಟಿಕ್. ಅದರಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಮೋಟರಿಗೆ ನೂಕುತ್ತದೆ, ಆ ಮೋಟರಿನಿಂದ ಚಕ್ರ ತಿರುಗುತ್ತದೆ. ಬಲಗಾಲಿನ ಪೆಡಲ್ ಎಷ್ಟು ಒತ್ತುತ್ತೀರೋ ಅಷ್ಟು ಎಣ್ಣೆ ಹರಿಯುತ್ತದೆ. ಕಾಲು ತೆಗೆದರೆ ಎಣ್ಣೆ ನಿಂತಿತು, ಗಾಡಿಯೂ ನಿಂತಿತು. ಹಿಂದಕ್ಕೆ ಒತ್ತಿದರೆ ಹಿಂದಕ್ಕೆ. ಇದಲ್ಲದೆ ಮೂರು ರೇಂಜ್, ಅಂದರೆ ವೇಗದ ಮಟ್ಟಗಳು ಇವೆ, ಅವನ್ನು ಗಾಡಿ ನಿಲ್ಲಿಸಿ ಬದಲಿಸಬೇಕು.

ನಾನು ಗೇರಿನವನು. "ಅದೆಲ್ಲ ಹುಲ್ಲು ಕತ್ತರಿಸೋ ಆಟದ ಸಾಮಾನು" ಅಂತ ಭಾವನ ಮುಂದೆಯೇ ಹಿಂದೊಮ್ಮೆ ಹೇಳಿದ್ದೆ. ಆ ಮಾತು ಮೊದಲನೇ ವಾರವೇ ತಿರುಗಿ ಬಂತು.

ಮೊದಲ ಕೆಲಸ ಗೊಬ್ಬರದ ಗುಡ್ಡೆ. ಗುಡ್ಡೆಯಿಂದ ಬಕೆಟ್ಟಿನಲ್ಲಿ ತುಂಬಿ ಪಕ್ಕದ ಟ್ರೇಲರಿಗೆ ಸುರಿಯಬೇಕು. ನನ್ನ ಗಾಡಿಯಲ್ಲಿ ಒಂದು ಬಕೆಟ್ ಅಂದರೆ ಏನು ಗೊತ್ತಾ? ಗುಡ್ಡೆಗೆ ನುಗ್ಗು, ಕ್ಲಚ್ ಒತ್ತು, ಪೂರ್ತಿ ನಿಲ್ಲಿಸು, ರಿವರ್ಸ್ ಹಾಕು, ಹಿಂದೆ ಬಾ. ಮತ್ತೆ ಕ್ಲಚ್, ಮುಂದಿನ ಗೇರು, ಟ್ರೇಲರಿನ ಹತ್ತಿರ ಹೋಗು. ಕೊನೆಯ ಒಂದು ಗೇಣು ದೂರವನ್ನು ಅರ್ಧ ಕ್ಲಚ್ಚಿನಲ್ಲಿ ತೆವಳಿಸು, ಸುರಿ, ಮತ್ತೆ ರಿವರ್ಸ್. ಕಡಿಮೆ ಅಂದರೂ ನಾಲ್ಕು ಸಲ ಕ್ಲಚ್. ನಲವತ್ತು ಬಕೆಟ್ಟಿಗೆ ನೂರ ಅರವತ್ತು ಸಲ. ಸಂಜೆ ಇಳಿಯುವಾಗ ಎಡಗಾಲು ನನ್ನದಲ್ಲ ಅನ್ನಿಸುತ್ತದೆ. ಆ ಅರ್ಧ ಕ್ಲಚ್ಚಿನ ತೆವಳಾಟ ಪ್ಲೇಟನ್ನು ತಿನ್ನುತ್ತಿದೆ ಅಂತ ಗೊತ್ತಿದ್ದೂ ಬೇರೆ ದಾರಿ ಇಲ್ಲ.

ಭಾವನ ಗಾಡಿಯಲ್ಲಿ ಅದೇ ಗುಡ್ಡೆ. ಬಲಗಾಲು ಮುಂದೆ, ಬಲಗಾಲು ಹಿಂದೆ, ಬಲಗೈ ಬಕೆಟ್ಟಿನ ಲಿವರ್ ಮೇಲೆ, ಎಡಗೈ ಸ್ಟೀರಿಂಗ್ ಮೇಲೆ. ಟ್ರೇಲರಿನ ಅಂಚಿಗೆ ಬೆರಳಷ್ಟು ಜಾಗ ಬಿಟ್ಟು ನಿಲ್ಲಿಸಬಹುದು. ಹೆಚ್ಚು ಕಡಿಮೆ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯಿತು. ಲೋಡರ್ ಕೆಲಸಕ್ಕೆ ಇವೆರಡರ ನಡುವೆ ಹೋಲಿಕೆಯೇ ಇಲ್ಲ. ಇದನ್ನು ಬರೆಯುವಾಗ ನನಗೆ ಖುಷಿಯೇನೂ ಆಗುತ್ತಿಲ್ಲ.

ಆದರೆ ಆ ಸಲೀಸೇ ನನ್ನನ್ನು ಒಮ್ಮೆ ಹೆದರಿಸಿತು. ಮನೆ ಹಿಂದಿನ ಇಳಿಜಾರಿನಲ್ಲಿ ಬಕೆಟ್ ತುಂಬಾ ಒದ್ದೆ ಮಣ್ಣು ಇಟ್ಟುಕೊಂಡು ಮುಖ ಕೆಳಗೆ ಮಾಡಿ ಇಳಿಯುತ್ತಿದ್ದೆ. ಹಿಂದೆ ಏನನ್ನೂ ಸಿಕ್ಕಿಸಿರಲಿಲ್ಲ. ನಾಲ್ಕು ಚಕ್ರದ ಲಿವರನ್ನೂ ಹಾಕಿರಲಿಲ್ಲ. ನಡುವೆ ಪೆಡಲಿನಿಂದ ಕಾಲು ತೆಗೆದೆ. ಯಾವಾಗಲೂ ನಿಲ್ಲುವ ಗಾಡಿ ನಿಲ್ಲಲಿಲ್ಲ. ಬ್ರೇಕ್ ತುಳಿದೆ. ಹಿಂದಿನ ಚಕ್ರಗಳು ನಿಂತವು, ಗಾಡಿ ಮಾತ್ರ ಒಣಹುಲ್ಲಿನ ಮೇಲೆ ಜಾರುತ್ತಲೇ ಹೋಯಿತು. ಕೈ ತಾನಾಗಿ ಲಿವರ್ ಒತ್ತಿ ಬಕೆಟ್ಟನ್ನು ನೆಲಕ್ಕೆ ಬಿಟ್ಟಿತು. ಬಕೆಟ್ಟಿನ ಬಾಯಿ ನೆಲ ಕಚ್ಚಿ, ಎರಡು ಮಾರು ಹೋಗಿ ನಿಂತಿತು.

ಕಾರಣ ಕಷ್ಟದ್ದೇನಲ್ಲ. ಇಂಥ ಸಣ್ಣ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಬಕೆಟ್ಟಿನ ಭಾರವೂ ಇಳಿಜಾರೂ ಸೇರಿ ತೂಕವನ್ನೆಲ್ಲ ಮುಂದಕ್ಕೆ ತಂದಾಗ ಹಿಂದಿನ ಚಕ್ರಗಳು ನೆಲವನ್ನು ಸುಮ್ಮನೆ ಸವರುತ್ತಿರುತ್ತವೆ. ನಾಲ್ಕು ಚಕ್ರದ ಲಿವರ್ ಹಾಕಿದ್ದರೆ ಮುಂದಿನ ಚಕ್ರಗಳೂ ಅದೇ ಹಿಡಿತಕ್ಕೆ ಸೇರಿರುತ್ತಿದ್ದವು. ಹಿಂದೆ ಭಾರ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು. ಆ ವಾರವೇ ಒಂದು ಕಬ್ಬಿಣದ ಪೆಟ್ಟಿಗೆಗೆ ಕಾಂಕ್ರೀಟ್ ತುಂಬಿ ಲಿಂಕೇಜಿಗೆ ಸಿಕ್ಕಿಸುವ ಹಾಗೆ ಮಾಡಿಕೊಂಡೆ. ಎರಡೂ ಗಾಡಿಗಳ ಹಿಂದಿನ ಟೈರಿಗೆ ನೀರನ್ನೂ ತುಂಬಿಸಿದೆ. ವಾಲ್ವನ್ನು ಮೇಲೆ, ಗಡಿಯಾರದ 12ರ ಜಾಗಕ್ಕೆ ತಂದು ಅದರ ಮಟ್ಟದವರೆಗೆ ತುಂಬಿದರೆ ಟೈರಿನ ಮುಕ್ಕಾಲು ಭಾಗ ತುಂಬುತ್ತದೆ. ಈಗ ತುಂಬಿದ ಬಕೆಟ್ ಇದ್ದರೆ ಇಳಿಜಾರಿನಲ್ಲಿ ಹಿಮ್ಮುಖವಾಗಿಯೇ ಇಳಿಯುತ್ತೇನೆ, ಭಾರದ ಕಡೆ ಯಾವಾಗಲೂ ಮೇಲಕ್ಕೆ. ಬಕೆಟ್ ಮೊಣಕಾಲಿಗಿಂತ ಕೆಳಗೇ ಇರುತ್ತದೆ. ಗೇರಾ, ಹೈಡ್ರೋನಾ ಅಂತ ಜಗಳ ಆಡುವ ಮೊದಲು ಈ ಭಾರದ ಪೆಟ್ಟಿಗೆ ಮಾಡಿಸಿಕೊಳ್ಳಿ. ಎರಡು ಗಾಡಿಗೂ ಇದು ಒಂದೇ.

ಹುಲ್ಲು, ಕಳೆ ಕತ್ತರಿಸುವ ಸ್ಲ್ಯಾಶರ್ ವಿಷಯಕ್ಕೆ ಬರೋಣ. ಎಂಜಿನ್ನಿನ ಬಲವನ್ನು ಹಿಂದಿನ ಸಲಕರಣೆಗೆ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗಿದರೆ ಮಾತ್ರ ಅದರ ಬ್ಲೇಡು ಹುಲ್ಲನ್ನು ಕತ್ತರಿಸುತ್ತದೆ, ಇಲ್ಲದಿದ್ದರೆ ಜಗಿದು ಉಗುಳುತ್ತದೆ. ನನ್ನ ಗಾಡಿಯಲ್ಲಿ ದಟ್ಟ ಕಳೆ ಸಿಕ್ಕಿತು ಅಂತ ಆಕ್ಸಿಲರೇಟರ್ ಇಳಿಸಿದರೆ ಬ್ಲೇಡೂ ನಿಧಾನವಾಗುತ್ತದೆ. ಕ್ಲಚ್ ತುಳಿದರೆ ಪಿಟಿಒಗೆ ಎಂಜಿನ್ನಿನ ಬಲ ತಪ್ಪುತ್ತದೆ, ಯಾಕೆಂದರೆ ಅದು ಒಂಟಿ ಕ್ಲಚ್ಚಿನ ಮಾದರಿ. ಇನ್ನೊಂದು ತಮಾಷೆ ಇದೆ. ತಮಾಷೆ ಅಲ್ಲ, ಅಪಾಯ. ಕ್ಲಚ್ ಒತ್ತಿದರೂ ತಿರುಗುತ್ತಿರುವ ಭಾರದ ಬ್ಲೇಡು ಪಿಟಿಒ ಮೂಲಕ ಗೇರ್ ಬಾಕ್ಸನ್ನೇ ತಿರುಗಿಸುತ್ತದೆ, ಗಾಡಿ ಮುಂದೆ ಹೋಗುತ್ತದೆ. ಕೊಂಡ ಹೊಸತರಲ್ಲಿ ಇದು ಗೊತ್ತಿಲ್ಲದೆ ಬೇಲಿಯ ಎರಡು ಕಂಬ ಮಲಗಿಸಿದ್ದೆ. ಆಮೇಲೆ ಶಾಫ್ಟಿಗೆ ಓವರ್‌ರನ್ನಿಂಗ್ ಕ್ಲಚ್ ಅನ್ನುವ ಜೋಡಣೆ ಹಾಕಿಸಿದೆ. ಬಲ ಎಂಜಿನ್ ಕಡೆಯಿಂದ ಬ್ಲೇಡಿಗೆ ಹೋಗುತ್ತದೆ, ಬ್ಲೇಡಿನಿಂದ ವಾಪಸ್ ಬರುವುದಿಲ್ಲ. ಒಂಟಿ ಕ್ಲಚ್ಚಿನ ಹಳೇ ಗಾಡಿ ಇಟ್ಟುಕೊಂಡವರಿಗೆ ಇದು ಬೇಕೇ ಬೇಕು.

ಭಾವನ ಗಾಡಿಯಲ್ಲಿ ಎಂಜಿನ್ ತನ್ನ ಪಾಡಿಗೆ ಒಂದೇ ವೇಗದಲ್ಲಿ ಗುನುಗುತ್ತಿರುತ್ತದೆ, ಬ್ಲೇಡೂ ಹಾಗೇ. ನಾನು ಮಾತ್ರ ಕಾಲಿನಲ್ಲಿ ನಿಧಾನ, ಜೋರು ಮಾಡಿಕೊಳ್ಳುತ್ತೇನೆ. ಮರದ ಬುಡ ಸುತ್ತುವಾಗ ಹಿಂದೆ ಮುಂದೆ ಹೋಗುವುದು ಮಕ್ಕಳಾಟ. ಬಯಲಿನಲ್ಲಿ ನೇರ ಸಾಲು ಹೊಡೆಯುವಾಗ ಮಾತ್ರ ಎರಡೂ ಒಂದೇ. ನಿಜ ಹೇಳಬೇಕೆಂದರೆ ಅಲ್ಲಿ ನನ್ನದೇ ವಾಸಿ. ಗೇರು ಹಾಕಿ ಕೂತರೆ ಸಾಕು, ಪೆಡಲ್ ಒತ್ತಿ ಹಿಡಿದು ಕಣಕಾಲು ನೋಯುವುದಿಲ್ಲ.

ಇನ್ನು ಎಳೆಯುವ ಕೆಲಸ. ಇಲ್ಲಿ ನನ್ನ ಮುದುಕ ಎದ್ದು ನಿಂತ. ಕಲ್ಟಿವೇಟರ್ ಕಟ್ಟಿ ಗಟ್ಟಿ ನೆಲಕ್ಕೆ ಇಳಿಸಿದರೆ ಎರಡನೇ ಗೇರಿನಲ್ಲಿ ತಲೆ ತಗ್ಗಿಸಿ ಎಳೆಯುತ್ತಾನೆ. ಎಂಜಿನ್ನಿನ ಬಲ ಹಲ್ಲಿನಿಂದ ಹಲ್ಲಿಗೆ ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಹೈಡ್ರೋದಲ್ಲಿ ಅದೇ ಬಲ ಎಣ್ಣೆಯ ಮೂಲಕ ಹೋಗಬೇಕು, ದಾರಿಯಲ್ಲಿ ಸ್ವಲ್ಪ ಬಿಸಿಯಾಗಿ ಕಳೆದುಹೋಗುತ್ತದೆ. ಅರ್ಧ ದಿನ ಉತ್ತ ಮೇಲೆ ಭಾವನ ಗಾಡಿಯ ಸೀಟಿನ ಕೆಳಗೆ ಕೈಯಿಟ್ಟರೆ ಆ ಬಿಸಿ ಗೊತ್ತಾಗುತ್ತದೆ. ಜೊತೆಗೆ ಸೊಂಯ್ ಅನ್ನುವ ಒಂದು ಕೊರಗು, ದಿನವಿಡೀ. ಒಂದೇ ತುಂಡು ನೆಲವನ್ನು ಅರ್ಧರ್ಧ ಮಾಡಿ, ಎರಡಕ್ಕೂ ಟ್ಯಾಂಕ್ ತುಂಬಿಸಿ ಉತ್ತು ನೋಡಿದೆ. ಮತ್ತೆ ತುಂಬಿಸುವಾಗ ಭಾವನದ್ದು ಒಂದು ಲೀಟರಿನಷ್ಟು ಡೀಸೆಲ್ ಜಾಸ್ತಿ ಕುಡಿದಿತ್ತು. ಇದೊಂದು ದಿನದ, ಒಂದು ನೆಲದ ಲೆಕ್ಕ ಅಷ್ಟೇ.

ಹೈಡ್ರೋ ಹೊಸಬರೆಲ್ಲ ಮಾಡುವ ಒಂದು ತಪ್ಪನ್ನು ನಾನೂ ಮಾಡಿದೆ. ಏರಿನಲ್ಲಿ ಗಾಡಿ ಉಸಿರು ಕಟ್ಟಿದಾಗ, ಕಾರಿನ ಅಭ್ಯಾಸಕ್ಕೆ, ಪೆಡಲನ್ನು ಇನ್ನೂ ಒತ್ತಿದೆ. ಎಂಜಿನ್ ಇನ್ನೂ ಕುಗ್ಗಿ, ಕೆಮ್ಮಿ, ಆಫ್ ಆಯಿತು. ಪೆಡಲ್ ಅಂದರೆ ಆಕ್ಸಿಲರೇಟರ್ ಅಲ್ಲ, ಅದು ಗೇರು. ಜಾಸ್ತಿ ಒತ್ತುವುದು ಅಂದರೆ ಮೇಲಿನ ಗೇರಿಗೆ ಹಾಕಿದ ಹಾಗೆ. ಕಷ್ಟ ಬಂದಾಗ ಕಾಲನ್ನು ಸಡಿಲ ಮಾಡಬೇಕು, ಆಗ ಗಾಡಿ ನಿಧಾನವಾಗಿ ಆದರೆ ಜೋರಾಗಿ ಎಳೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ನಿಲ್ಲಿಸಿ ಕೆಳಗಿನ ರೇಂಜಿಗೆ ಹಾಕಬೇಕು. ಇದು ತಲೆಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಮನೆಯಾಕೆಗೆ ಹತ್ತು ನಿಮಿಷ. ಅವಳು ನನ್ನ ಗೇರಿನ ಗಾಡಿಯನ್ನು ಇಷ್ಟು ವರ್ಷ ಮುಟ್ಟಿಯೂ ಇರಲಿಲ್ಲ. ಭಾವನದ್ದನ್ನು ಎರಡನೇ ದಿನವೇ ಒಬ್ಬಳೇ ಓಡಿಸಿಕೊಂಡು ಹೋಗಿ ಸೌದೆ ತಂದಳು.

ದಾರಿ ಸಮ ಮಾಡುವ ಕೆಲಸದಲ್ಲಿ ಗಾಡಿ ಯಾವುದಾದರೂ ಆದೀತು. ಅಲ್ಲಿ ಆಟ ಇರುವುದು ಬಾಕ್ಸ್ ಬ್ಲೇಡಿನ ಟಾಪ್ ಲಿಂಕಿನಲ್ಲಿ. ಲಿಂಕನ್ನು ಗಿಡ್ಡ ಮಾಡಿದರೆ ಪೆಟ್ಟಿಗೆ ಮುಂದಕ್ಕೆ ವಾಲಿ, ಹಲ್ಲುಗಳು ನೆಲಕ್ಕೆ ಕಚ್ಚಿ, ಗಟ್ಟಿ ಜಲ್ಲಿಯನ್ನು ಕೆದಕುತ್ತವೆ. ಉದ್ದ ಮಾಡಿದರೆ ಹಿಂದಿನ ಅಂಚು ಕೂತು ಸವರಿಕೊಂಡು ಬರುತ್ತದೆ. ನಾನು ಮೊದಮೊದಲು ಒಂದೇ ಸಲಕ್ಕೆ ಸಮ ಮಾಡಲು ಹೋಗಿ ದಾರಿಯನ್ನು ಅಲೆಅಲೆ ಮಾಡಿಟ್ಟಿದ್ದೆ. ಗುಂಡಿಯ ತಳದ ಮಟ್ಟದವರೆಗೂ ಕೆದಕಿ, ಆಮೇಲೆ ಮತ್ತೆ ಹರಡಿದರೆ ಮಾತ್ರ ಆ ಗುಂಡಿ ಹೋಗುತ್ತದೆ. ಮೇಲೆ ಸುಮ್ನೆ ಜಲ್ಲಿ ತುಂಬಿಸಿದರೆ ನಾಲ್ಕು ಮಳೆಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆಯುತ್ತದೆ.

ಬೇಲಿ ಕಂಬದ ಗುಂಡಿ ತೋಡುವಾಗ ಗುರುತಿನ ಮೇಲೆ ಸರಿಯಾಗಿ ಆಗರ್, ಅಂದರೆ ಗುಂಡಿ ಕೊರೆಯುವ ಬೈರಿಗೆ ನಿಲ್ಲಿಸಲು ಹೈಡ್ರೋ ಚೆನ್ನ. ಇಂಚು ಹಿಂದೆ, ಅರ್ಧ ಇಂಚು ಮುಂದೆ. ಆದರೆ ಬೇರಿಗೆ ಸಿಕ್ಕಿಕೊಂಡ ಆಗರ್ ಸ್ಕ್ರೂ ಥರ ಒಳಗೆ ಇಳಿದು ಕೂತರೆ ಯಾವ ಗಾಡಿಯೂ ಸಹಾಯಕ್ಕೆ ಬರುವುದಿಲ್ಲ. ಪಿಟಿಒಗೆ ಹಿಮ್ಮುಖ ಇಲ್ಲವಲ್ಲ! ಎಂಜಿನ್ ಆಫ್ ಮಾಡಿ, ದೊಡ್ಡ ಪೈಪ್ ರೆಂಚ್ ಹಾಕಿ ಕೈಯಲ್ಲೇ ಹಿಂದಕ್ಕೆ ತಿರುಗಿಸಿ ಎತ್ತಿದ್ದು ಮೂರು ಸಲ. ಒಂದೇ ಏಟಿಗೆ ಆಳಕ್ಕೆ ಬಿಡದೆ, ಸ್ವಲ್ಪ ಸ್ವಲ್ಪ ಇಳಿಸಿ ಎತ್ತಿ ಮಣ್ಣು ಉದುರಿಸುವುದನ್ನು ಆಮೇಲೆ ಕಲಿತೆ.

ರಿಪೇರಿ ಲೆಕ್ಕದಲ್ಲಿ ಎರಡಕ್ಕೂ ಒಂದೊಂದು ಭಯ. ನನ್ನದರ ಕ್ಲಚ್ ಪ್ಲೇಟ್ ಸವೆದರೆ ಗಾಡಿಯನ್ನೇ ನಡುವೆ ಎರಡು ಮಾಡಬೇಕು. ಒಮ್ಮೆ ಮಾಡಿಸಿದ್ದೇನೆ, ಮೂರು ದಿನ ಹಿಡಿಯಿತು. ಭಾವನದ್ದಕ್ಕೆ ಅಂಥ ಪ್ಲೇಟಿನ ಸವೆತ ಇಲ್ಲ, ಆದರೆ ಎಣ್ಣೆ ಶುದ್ಧವಾಗಿರಬೇಕು. ಹೊಸ ಗಾಡಿಯಲ್ಲಿ ಮೊದಲ 50 ಗಂಟೆಗೇ ಹೈಡ್ರೋ ಫಿಲ್ಟರ್ ಬದಲಿಸಿ ಅಂತ ಪುಸ್ತಕದಲ್ಲಿ ಬರೆದಿರುವುದು ಸುಮ್ನೆ ಅಲ್ಲ. ಎಣ್ಣೆ ಹಾಕುವ ಮುಚ್ಚಳದ ಸುತ್ತ ಧೂಳು ಒರೆಸದೆ ಅದನ್ನು ತೆಗೆಯಬಾರದು. ಗೇರಿನ ಗಾಡಿ ಆ ವಿಷಯದಲ್ಲಿ ನಮ್ಮ ಸೋಮಾರಿತನವನ್ನು ಜಾಸ್ತಿ ಸಹಿಸಿಕೊಳ್ಳುತ್ತದೆ. ಇನ್ನೊಂದು ವಿಷಯ. ಹೈಡ್ರೋವನ್ನು ಇಳಿಜಾರಿನಲ್ಲಿ ಹಾಗೇ ನಿಲ್ಲಿಸಿ ಇಳಿಯಬೇಡಿ. ಎಂಜಿನ್ ಆಫ್ ಆದ ಮೇಲೆ ಅದು ಎಣ್ಣೆ ಸೋರಿಸಿಕೊಂಡು ಮೆಲ್ಲಗೆ ತೆವಳುತ್ತದೆ. ಪಾರ್ಕಿಂಗ್ ಬ್ರೇಕ್ ಎಳೆಯಲೇಬೇಕು.

ಒಂದನ್ನೇ ಇಟ್ಟುಕೋ ಅಂದರೆ? ಗಂಟೆಗಳನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ವರ್ಷದಲ್ಲಿ ಉಳುಮೆ ಅಂತ ಆದದ್ದು ಒಂಬತ್ತು ದಿನ. ಉಳಿದದ್ದೆಲ್ಲ ಬಕೆಟ್, ಸ್ಲ್ಯಾಶರ್, ಕಂಬ, ಸೌದೆ, ದಾರಿ. ಅಂದರೆ ಹಿಂದೆ ಮುಂದೆ, ನಿಲ್ಲು ಹೊರಡು. ಒಂಬತ್ತು ದಿನದ ಉಳುಮೆಗಾಗಿ ಮಿಕ್ಕ ದಿನವೆಲ್ಲ ಎಡಗಾಲು ನೋಯಿಸಿಕೊಳ್ಳುವುದು ಯಾಕೆ? ಮನೆ ಸುತ್ತಿನ ಕೆಲಸಕ್ಕೆ ಹೊಸದಾಗಿ ಕೊಳ್ಳುವವರಿಗೆ ಹೈಡ್ರೋ ತಗೊಳ್ಳಿ ಅಂತಲೇ ಹೇಳುತ್ತೇನೆ. ಉಳುಮೆ, ರೋಟವೇಟರೇ ಮುಖ್ಯ ಕೆಲಸ ಆಗಿದ್ದರೆ ಗೇರು. ಅದರಲ್ಲೂ ಎರಡು ಹಂತದ ಕ್ಲಚ್ ಇರುವುದನ್ನು ನೋಡಿ. ಅರ್ಧ ತುಳಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ.

ಹೋದ ತಿಂಗಳು ಭಾವ ವಾಪಸ್ ಬಂದರು. ಗಂಟೆಯ ಮೀಟರ್ ನೋಡಿ ಹುಬ್ಬು ಹಾರಿಸಿದರು. "ಆಟದ ಸಾಮಾನಿನ ಜೊತೆ ಚೆನ್ನಾಗೇ ಆಡಿದೀಯ!" ಅಂದರು. ಡೀಸೆಲ್ ತುಂಬಿಸಿ, ಹೊಸ ಫಿಲ್ಟರ್ ಹಾಕಿಸಿಯೇ ಕೊಟ್ಟೆ. ಈಗ ಒಪ್ಪಂದ ಆಗಿದೆ. ಗೊಬ್ಬರ ತುಂಬುವ ದಿನ ಅವರ ಗಾಡಿ ಇಲ್ಲಿಗೆ, ಉಳುವ ದಿನ ನನ್ನ ಮುದುಕ ಅಲ್ಲಿಗೆ. ಕಾಂಕ್ರೀಟ್ ಪೆಟ್ಟಿಗೆ ಮಾತ್ರ ನಮ್ಮ ಶೆಡ್ಡಿನಲ್ಲೇ ಇರುತ್ತದೆ. ಅವರಿಗೂ ಅಂಥದ್ದೇ ಒಂದನ್ನು ಈ ಭಾನುವಾರ ಮಾಡಿಕೊಡಬೇಕು.